ಬೆನ್ನು ಮುಚ್ಚುವ ಕೈ

ಕವಚವನ್ನು ಯಾರೋ ಎದೆಯಿಂದ ಹೊಟ್ಟೆಯವರೆಗೆ ಸೀಳಿ ಹಾಕಿದ್ದರು. ಅದು ಗೂಟದಲ್ಲಿ ನೇತಾಡುತ್ತಲೇ ಇತ್ತು, ಒಳಗಿನ ಬಿಳಿ ಪದರ ಹೊರಗೆ ಇಣುಕುತ್ತಿತ್ತು. ಮೊದಲು ನೋಡಿದವಳು ಗುಬ್ಬಿ. ಕವಚ ಅವಳದೇ. ಅವಳು ಕಿರುಚಲಿಲ್ಲ, ಅಳಲಿಲ್ಲ. ತಿರುಗಿ ತನ್ನ ಅತ್ತಿಗೆಯ ಮುಖ ನೋಡಿದಳು, ಅಷ್ಟೇ. ಆ ಒಂದು ನೋಟಕ್ಕೆ ಇಡೀ ದಳ ತೀರ್ಪು ಕೊಟ್ಟುಬಿಟ್ಟಿತು.

ನಾನು ಇನ್ಸ್‌ಪೆಕ್ಟರ್ ಮೇಡಂ ಅವರ ಗಾಡಿ ಓಡಿಸುವವನು. ಊರಿಗೆ ಊರೇ ಒಂದು ಗಾಜಿನ ಸೂರಿನ ಕೆಳಗಿರುವಾಗ ಗಾಡಿ ಯಾಕಪ್ಪಾ ಅಂತ ಕೇಳಬೇಡಿ. ಮೇಡಂಗೆ ಮಂಡಿ ನೋವು. ಅದನ್ನು ಬಾಯಿಬಿಟ್ಟು ಹೇಳಿದರೆ ನನ್ನ ಕೆಲಸ ಹೋಗುತ್ತದೆ.

ಸೂರಿನ ಆಚೆ ಉಸಿರಾಡುವ ಗಾಳಿ ಇಲ್ಲ. ಇರುವುದು ಪ್ರಾಣ ಹಿಂಡುವ ಚಳಿ, ಕಲ್ಲು ತೂರುವ ಬಿರುಗಾಳಿ. ಶೋಧ ದಳದವರು ಜೋಡಿ ಜೋಡಿಯಾಗಿ ಅಲ್ಲಿಗೆ ಹೋಗಿ ಮಂಜುಗಡ್ಡೆ ಎಲ್ಲಿದೆ ಅಂತ ಹುಡುಕಿ ಬರುತ್ತಾರೆ. ಅವರು ಹುಡುಕಿದರೆ ನಮ್ಮ ನಲ್ಲಿಯಲ್ಲಿ ನೀರು. ಗುಬ್ಬಿ ಆ ದಳದ ಅತಿ ಗಿಡ್ಡ ಆಳು, ಅತಿ ಚುರುಕು ಕೂಡ. ಅವಳ ಅತ್ತಿಗೆ ಕವಚ ಖಾನೆ ನೋಡಿಕೊಳ್ಳುವವಳು. ಖಾನೆಯ ಬೀಗದ ಕೈ ಇರುವುದು ಅವಳೊಬ್ಬಳ ಸೊಂಟದಲ್ಲಿ.

ಅದೇ ಅವಳಿಗೆ ಮುಳುವಾಯಿತು. ಸಂಜೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಬೀಗದ ಕೈ ಕಿತ್ತುಕೊಳ್ಳುತ್ತೇನೆ, ಮತ್ತೆಂದೂ ಖಾನೆಗೆ ಸೇರಿಸುವುದಿಲ್ಲ ಎಂದು ದಳದ ನಾಯಕ ಎಲ್ಲರೆದುರೇ ಹೇಳಿದ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಖಾನೆ ಬಿಟ್ಟರೆ ಅವಳಿಗೆ ಬೇರೆ ಪ್ರಪಂಚವೇ ಇರಲಿಲ್ಲ.

*

ಖಾನೆ ಉದ್ದನೆಯ ಕೋಣೆ. ಎರಡೂ ಗೋಡೆಗೆ ಗೂಟಗಳು, ಒಂದೊಂದು ಗೂಟಕ್ಕೂ ಒಂದೊಂದು ಕವಚ. ಎಡಗಡೆ ಬಟ್ಟೆಯ ಹಗುರ ಕವಚ, ಬಲಗಡೆ ತಗಡು ಕೂರಿಸಿದ ಭಾರದ ಕವಚ. ಹೊರಡುವ ಹಿಂದಿನ ಸಂಜೆ ಎಲ್ಲರೂ ಬಂದು ಬೇಕಾದ್ದು ಆರಿಸಿಕೊಳ್ಳುತ್ತಾರೆ. ಕವಚ, ಹಗ್ಗ, ತಲೆದೀಪ, ನೆಲ ಬಡಿದು ಮಂಜಿನ ಸದ್ದು ಕೇಳುವ ಸಲಾಕೆ. ಹಗುರ ಬೇಕು, ಭಾರ ಬೇಕು ಅಂತ ಪ್ರತಿ ಸಲವೂ ಕಿತ್ತಾಟ. ಹಗುರವಾದರೆ ಓಡಬಹುದು, ಬಿರುಕು ಹಾರಬಹುದು. ಭಾರವಾದರೆ ಕಲ್ಲು ಬಡಿದರೂ ಎಲುಬು ಉಳಿಯುತ್ತದೆ.

ಹಿಂದಿನ ಸಂಜೆ ಜೋರು ಜಗಳವಾಗಿತ್ತು. ಭಾರದ್ದು ತೊಡು ಎಂದಿದ್ದಳು ಅತ್ತಿಗೆ. ಅದನ್ನು ಹೊತ್ತುಕೊಂಡು ಆಮೆ ಥರ ತೆವಳಲೇ ಎಂದಿದ್ದಳು ಗುಬ್ಬಿ. ಅತ್ತಿಗೆಯ ಗಂಡ, ಎಂದರೆ ಗುಬ್ಬಿಯ ಅಣ್ಣ, ಹಗುರ ಕವಚ ತೊಟ್ಟು ಹೋದವನು ಮರಳಿ ಬಂದಿರಲಿಲ್ಲ. ಆ ಮಾತು ಇಬ್ಬರ ನಾಲಿಗೆಯ ತುದಿಗೂ ಬಂದು ನಿಂತಿತ್ತು.

"ನಾನು ಬದುಕಿರೋವರೆಗೂ ನೀನು ಆ ಬಟ್ಟೇಲಿ ಬಾಗಿಲು ದಾಟಲ್ಲ," ಎಂದು ಅತ್ತಿಗೆ ಅಂದಿದ್ದನ್ನು ಇಡೀ ದಳ ಕೇಳಿಸಿಕೊಂಡಿತ್ತು. ಬೆಳಗಾದರೆ ಬಟ್ಟೆ ಸೀಳಿತ್ತು. ಇನ್ನೇನು ಬೇಕು?

ಮೇಡಂ ಸೀಳನ್ನು ನೋಡಿದರು. ಆಮೇಲೆ ಕೋಣೆಯಲ್ಲೊಂದು ಸುತ್ತು ಹಾಕಿ, ಬಲಗಡೆ ಮೂಲೆಯಲ್ಲಿದ್ದ ಪುಟ್ಟ ಭಾರದ ಕವಚದ ಮುಂದೆ ನಿಂತರು. ಇದನ್ನು ಯಾರಾದರೂ ನೋಡಿದಿರಾ ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಎಲ್ಲರ ಕಣ್ಣೂ ಸೀಳಿದ್ದರ ಮೇಲೇ ಇತ್ತು.

ಮೇಡಂ ಅದನ್ನು ಹಿಂದುಮುಂದು ತಿರುಗಿಸಿದರು. ಬೆನ್ನಿನ ಕೊಂಡಿಗಳು ಒಂದೂ ಇರಲಿಲ್ಲ. ತಗಡು ಕತ್ತರಿಸುವ ಕತ್ತರಿಯಿಂದ ಯಾರೋ ಬುಡಸಮೇತ ತುಂಡರಿಸಿದ್ದರು. ತುಂಡುಗಳು ಕೆಳಗಿನ ಹಗ್ಗದ ಬುಟ್ಟಿಯಲ್ಲಿ ಬಿದ್ದಿದ್ದವು. ಮೇಡಂ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಆಮೇಲೆ ಜೇಬಿಗೆ ಹಾಕಿಕೊಂಡರು.

"ನಿನ್ನೆ ಖಾನೆ ಬಾಗಿಲು ತೆರೆದಿಟ್ಟು ಎಲ್ಲಿಗಾದ್ರೂ ಹೋಗಿದ್ರಾ?" ಎಂದು ಅತ್ತಿಗೆಯನ್ನು ಮೆಲ್ಲಗೆ ಕೇಳಿದರು.

ಅತ್ತಿಗೆ ಮೊದಲು ಇಲ್ಲ ಎಂದಳು. ಬಾಗಿಲು ತೆರೆದು ಬಿಡುವುದು ಅವಳ ಕೆಲಸದಲ್ಲಿ ದೊಡ್ಡ ತಪ್ಪು. ಕೊನೆಗೆ ನಿಜ ಹೊರಬಂತು. ಜಗಳವಾದ ಮೇಲೆ ಗುಬ್ಬಿ ಧಡಧಡ ಹೊರಟುಹೋದಳು. ಇವಳಿಗೆ ಅಳು ತಡೆಯಲಾಗಲಿಲ್ಲ. ನಾಲ್ಕು ಜನರ ಮುಂದೆ ಅಳುವುದು ಬೇಡವೆಂದು ಮುಖ ತೊಳೆಯಲು ಬಚ್ಚಲಿಗೆ ಹೋಗಿದ್ದಳು. ಮಿಕ್ಕವರೂ ಗುಬ್ಬಿಯ ಹಿಂದೆಯೇ ಹೊರಟಿದ್ದರು, ಖಾನೆಯಲ್ಲಿ ಉಳಿದವರು ಇಬ್ಬರೇ, ಏಣಿ ಮತ್ತು ದೊಡ್ಡಪ್ಪ.

*

ಏಣಿ ಎಂದರೆ ಬದಲಿ ಜೋಡಿಯ ಉದ್ದನೆಯ ಆಳು. ದಳದಲ್ಲಿ ಒಂದು ಕಟ್ಟಳೆ ಇದೆ. ಜೋಡಿಯಲ್ಲಿ ಒಬ್ಬರು ನಿಂತರೆ ಇಬ್ಬರೂ ನಿಂತಂತೆ, ಅವರ ಬದಲಿಗೆ ಇನ್ನೊಂದು ಜೋಡಿ ಹೋಗಬೇಕು. ಹಾಗಾಗಿ ಗುಬ್ಬಿ ನಿಂತರೆ ಹೋಗುವವನು ಏಣಿ. ಹೋಗುವ ಆಸೆಗೆ ಇವನೇ ಮಾಡಿರಬೇಕು ಎಂದು ನಾನು ಮನಸ್ಸಿನಲ್ಲೇ ಅವನಿಗೆ ಕೋಳ ತೊಡಿಸಿಬಿಟ್ಟೆ.

ಹೋಗಿ ನೋಡಿದರೆ ಆಸಾಮಿ ತಲೆ ಮೇಲೆ ಕೈ ಹೊತ್ತು ಕೂತಿದ್ದ, ಹರಳೆಣ್ಣೆ ಕುಡಿದವನ ಮುಖ. ಹೆಂಡತಿಗೆ ದಿನ ತುಂಬಿದೆಯಂತೆ. ಈ ಸಲ ತನ್ನನ್ನು ಕಳಿಸಬೇಡಿ ಎಂದು ನಾಯಕನ ಕಾಲು ಹಿಡಿದಿದ್ದನಂತೆ. ನಿಜವೇ ಎಂದು ನಾಯಕನನ್ನು ಕೇಳಿದೆವು, ಹೌದೆಂದ. ತಾನು ಖಾನೆಯಿಂದ ಹೊರಟಾಗ ದೊಡ್ಡಪ್ಪ ಇನ್ನೂ ಅಲ್ಲೇ ಹಗ್ಗ ಸುತ್ತುತ್ತಿದ್ದ ಎಂದೂ ಏಣಿ ಹೇಳಿದ. ನನ್ನ ಕೋಳ ಹಾಗೇ ಬಿಚ್ಚಿಕೊಂಡಿತು.

ದೊಡ್ಡಪ್ಪ ಗುಬ್ಬಿಯ ಜೋಡಿ. ವಯಸ್ಸಾದವನು, ದಳಕ್ಕೆಲ್ಲಾ ದೊಡ್ಡಪ್ಪನೇ. ಹೋದ ಸಲ ಗುಬ್ಬಿ ಮಂಜಿನ ಬಿರುಕಿಗೆ ಬಿದ್ದಾಗ ಎತ್ತಿ ತಂದವನು ಇವನೇ. ಅವನ ಮನೆ ಅಚ್ಚುಕಟ್ಟಾಗಿತ್ತು. ಅವನೇ ಚಹಾ ಕಾಯಿಸಿ ಮೂರು ಲೋಟ ತಂದ. ನಾನು ಲೋಟ ಹಿಡಿದವನೇ ಕೆಳಗಿಟ್ಟು ಬೆರಳು ಊದಿಕೊಂಡೆ, ಅಷ್ಟು ಬಿಸಿ. ಮೇಡಂ ಮುಟ್ಟಲೇ ಇಲ್ಲ. ದೊಡ್ಡಪ್ಪ ಮಾತ್ರ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅತ್ತಿಗೆಯನ್ನು ಏನೂ ಮಾಡಬೇಡಿ, ಅವಳು ಅಂಥವಳಲ್ಲ ಅಂತ ಮತ್ತೆ ಮತ್ತೆ ಹೇಳಿದ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಗಾಡಿ ಹತ್ತಿದ ಮೇಲೆ ಮೇಡಂ ಮಂಡಿ ನೀವಿಕೊಂಡರು. ಆಮೇಲೆ, "ಈ ಕೆಲಸ ಕೆಲವು ಸಲ ಬೇಡ ಅನ್ಸುತ್ತೆ ಕಣಯ್ಯ," ಎಂದರು.

*

ಸಂಜೆ ಎಲ್ಲರೂ ಖಾನೆಯಲ್ಲಿ ಸೇರಿದರು. ನಾಯಕ ಬೀಗದ ಕೈಗೆ ಕೈ ಚಾಚಿಕೊಂಡೇ ನಿಂತಿದ್ದ. ಮೇಡಂ ಅವನ ಕೈ ಇಳಿಸಿ, ಅತ್ತಿಗೆಯನ್ನು ಎಲ್ಲರೆದುರು ಕಳ್ಳಿ ಮಾಡಿದ್ದೀರಿ, ಎಲ್ಲರೆದುರೇ ಅದನ್ನು ತೊಳೆಯಬೇಕು ಎಂದರು.

ಮೊದಲನೆಯದಾಗಿ, ಸೀಳಿದವರಿಗೆ ಗುಬ್ಬಿಯನ್ನು ಕೊಲ್ಲುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಬೆನ್ನಿನ ಹೊಲಿಗೆಯಲ್ಲಿ ಸೂಜಿಮೊನೆಯಷ್ಟು ತೂತು ಸಾಕಿತ್ತು. ಇಷ್ಟುದ್ದ ಸೀಳು ಕಣ್ಣಿಗೆ ಬೀಳಲೆಂದೇ ಮಾಡಿದ್ದು. ಇನ್ನು ಅತ್ತಿಗೆ. ಅವಳಿಗೆ ಬೇಕಿದ್ದದ್ದು ಗುಬ್ಬಿ ಭಾರದ ಕವಚ ತೊಡುವುದು. ಅದರ ಕೊಂಡಿಗಳನ್ನು ಅವಳೇ ಯಾಕೆ ತುಂಡರಿಸುತ್ತಾಳೆ? ಗುಬ್ಬಿಯ ಅಳತೆಗೆ ಇರುವುದು ಇವೆರಡೇ ಕವಚ. ಎರಡನ್ನೂ ಕೆಡಿಸಿದವರಿಗೆ ಗುಬ್ಬಿ ಹೋಗುವುದೇ ಬೇಡವಾಗಿತ್ತು.

ಮೇಡಂ ಜೇಬಿನಿಂದ ಕೊಂಡಿ ತೆಗೆದರು. ಅದರ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಂಡಿ. ಬೆರಳ ತುದಿಗೆ ಸಿಕ್ಕರೆ ಸಾಕು, ಒತ್ತಿದೊಡನೆ ಕೊಂಡಿ ಕೈಗೆ ಬರುತ್ತದೆ. ದಳದವರು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಕೊಂಡಿ ಬಿಚ್ಚಿ ಜೇಬಿಗಿಳಿಸಿದ್ದರೆ ಮುಗಿದಿತ್ತು, ಕತ್ತರಿ ಯಾಕೆ ಬೇಕಿತ್ತು?

"ಗುಂಡಿ ಸುತ್ತ ನೋಡಿ. ಉಗುರಿನ ಗೀರು," ಎಂದರು ಮೇಡಂ. "ಇವ್ರಿಗೆ ಗುಂಡಿ ಎಲ್ಲಿದೆ ಅಂತ ಗೊತ್ತಿತ್ತು. ಹುಡುಕಿದ್ರು. ಬೆರಳಿಗೆ ಸಿಗ್ಲಿಲ್ಲ."

ಹೊರಗೆ ಹೋಗುವ ಮುನ್ನ ಯಾರೂ ತಮ್ಮ ಕವಚ ತಾವೇ ಮುಚ್ಚಿಕೊಳ್ಳುವಂತಿಲ್ಲ. ಜೋಡಿಯವರು ಬೆನ್ನು ಮುಚ್ಚಿ, ಬರಿಬೆರಳಲ್ಲಿ ಹೊಲಿಗೆ ಸವರಿ, ಕೂದಲೆಳೆಯಷ್ಟು ಸಂದೂ ಇಲ್ಲ ಎಂದು ಹೇಳಬೇಕು. ಗುಬ್ಬಿಯ ಪ್ರಾಣ ದೊಡ್ಡಪ್ಪನ ಬೆರಳ ತುದಿಯಲ್ಲಿ.

"ಬೆಳಿಗ್ಗೆ ಆ ಲೋಟ ನಿಮಗೆ ಬಿಸಿ ಅನ್ನಿಸ್ಲೇ ಇಲ್ಲ, ಅಲ್ವಾ?" ಎಂದರು ಮೇಡಂ.

ದೊಡ್ಡಪ್ಪ ತಲೆ ತಗ್ಗಿಸಿದ. ಆಮೇಲೆ ಒಂದೊಂದಾಗಿ ಹೇಳಿದ. ಹೋದ ಸಲ ಬಿರುಕಿಗೆ ಬಿದ್ದಾಗ ಗುಬ್ಬಿಯ ಬೆನ್ನಿನ ಹೊಲಿಗೆ ಬಿಟ್ಟಿತ್ತು. ಅವಳಿಗೆ ಪ್ರಜ್ಞೆ ಇರಲಿಲ್ಲ. ಕೈಗವಸು ಹಾಕಿಕೊಂಡು ಅದನ್ನು ಹಿಡಿಯಲಾಗುವುದಿಲ್ಲ. ಕವಚದ ತೋಳಿನ ಬಾಯಿ ಬಿಗಿದು, ಗವಸು ತೆಗೆದು, ಬಾಗಿಲು ತಲುಪುವವರೆಗೂ ಬರಿಗೈಯಲ್ಲಿ ಹೊಲಿಗೆ ಒತ್ತಿ ಹಿಡಿದಿದ್ದ. ಬೆರಳು ಹಾಗೇ ಸತ್ತುಹೋದವು. ವಾಸಿಯಾಯಿತು ಎಂದು ಎಲ್ಲರಿಗೂ ಸುಳ್ಳು ಹೇಳಿದ.

ತನ್ನ ಕವಚ ಹರಿದರೆ ತನ್ನ ಅಳತೆಯ ಬೇರೆಯವು ಸಾಲಾಗಿ ನೇತಾಡುತ್ತಿವೆ. ಅವಳದ್ದೇ ಹರಿಯಬೇಕಿತ್ತು. ಇಬ್ಬರನ್ನೂ ನಿಲ್ಲಿಸಿ ಏಣಿಯ ಜೋಡಿಯನ್ನು ಕಳಿಸುತ್ತಾರೆ, ಹಳೇ ಬಟ್ಟೆ ಅಂತ ಅಲ್ಲಿಗೇ ಬಿಡುತ್ತಾರೆ ಎಂದುಕೊಂಡಿದ್ದನಂತೆ. ತಪ್ಪು ಅತ್ತಿಗೆಯ ತಲೆಗೆ ಬರುತ್ತದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆಯಿಂದ ಹೇಳಬೇಕು ಹೇಳಬೇಕು ಅಂದುಕೊಂಡನಂತೆ, ಬಾಯಿ ಬರಲಿಲ್ಲವಂತೆ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಒಂದು ಮಾತಿನ ಮೇಲೆ ಒಬ್ಬ ಹೆಂಗಸಿನ ಬಾಳು ನಿಂತಿತ್ತು.

"ಮೊದ್ಲೇ ನಂಗೆ ಹೇಳೋದಲ್ವಾ, ದೊಡ್ಡಪ್ಪಾ?" ಎಂದಳು ಗುಬ್ಬಿ.

"ಹೇಳಿದ್ರೆ ಜೀವನಪೂರ್ತಿ ನನ್ನ ಕೈ ನೋಡ್ಕೊಂಡು ಕೊರಗ್ತಿದ್ದೆ. ಹೇಳ್ದೆ ನಿನ್ನ ಬೆನ್ನು ಮುಚ್ಚೋಕೆ ಧೈರ್ಯ ಬರ್ಲಿಲ್ಲ ಕಣಮ್ಮ."

ಅತ್ತಿಗೆಗೆ ಕೂಗಾಡುವ ಹಕ್ಕಿತ್ತು. ಕೂಗಾಡಲಿಲ್ಲ. ಹೋಗಿ ಆ ಕೈಗಳನ್ನು ತಿರುಗಿಸಿ ನೋಡಿದಳು. ಲೋಟ ಹಿಡಿದ ಕಡೆ ಬೊಬ್ಬೆ ಎದ್ದಿತ್ತು, ಅವನಿಗೇ ಗೊತ್ತಿರಲಿಲ್ಲ. ಮುಲಾಮು ತರಲು ಅವಳೇ ಹೋದಳು. ಗುಬ್ಬಿ ಹಿಂದೆಯೇ ಹೋಗಿ ಅತ್ತಿಗೆಯ ಭುಜಕ್ಕೆ ಹಣೆ ಇಟ್ಟಳು. ಬೆಳಗಿನ ಆ ನೋಟಕ್ಕೆ ಕ್ಷಮೆ ಕೇಳಿದಳೋ ಏನೋ, ನನಗೆ ಕೇಳಿಸಲಿಲ್ಲ.

*

ದೊಡ್ಡಪ್ಪನಿಗೆ ಹೊರಗೆ ಹೋಗುವುದು ತಪ್ಪಿತು. ಶಿಕ್ಷೆ ಎಂದು ಬಾಗಿಲಿನ ಕೆಲಸಕ್ಕೆ ಹಾಕಿದರು. ಬೀಗದ ಕೈ ಅತ್ತಿಗೆಯ ಸೊಂಟದಲ್ಲೇ ಉಳಿಯಿತು. ಮರುದಿನ ಗುಬ್ಬಿಯ ಬದಲಿಗೆ ಏಣಿಯ ಜೋಡಿಯೇ ಹೋಗಿ ಬಂತು. ಏಣಿಗೆ ಹೆಣ್ಣು ಮಗು, ಅವನಷ್ಟೇ ಉದ್ದವಂತೆ. ಸದ್ಯ, ಅವನು ವಾಪಸು ಬರುವವರೆಗೂ ಕಾದಿತ್ತು.

ಮುಂದಿನ ಸಲ ಗುಬ್ಬಿ ಹೊರಟಾಗ ನಾನೂ ಮೇಡಂ ಇಬ್ಬರೂ ನೋಡಲು ಹೋಗಿದ್ದೆವು. ಕವಚ ಹಗುರದ್ದೇ, ಆದರೆ ಎದೆಗೆ ಅತ್ತಿಗೆ ತಗಡು ಹೊಲಿದುಕೊಟ್ಟಿದ್ದಳು. ಗುಬ್ಬಿ ಗೊಣಗದೆ ತೊಟ್ಟಿದ್ದಳು. ಹೊಸ ಜೋಡಿಯವಳು ಬೆನ್ನು ಮುಚ್ಚಿ, ಹೊಲಿಗೆ ಸವರಿ, ಸರಿಯಿದೆ ಎಂದಳು. ಗುಬ್ಬಿ ಕದಲಲಿಲ್ಲ. ಕವಚಕ್ಕೆ ಗಾಳಿ ತುಂಬಿಸಿಕೊಂಡು ದೊಡ್ಡಪ್ಪನ ಮುಂದೆ ಬೆನ್ನು ಬಗ್ಗಿಸಿ ನಿಂತಳು.

"ನೋಡಿ ಹೇಳು."

"ಬೆರಳಿಗೆ ಗೊತ್ತಾಗಲ್ಲ ಕಣಮ್ಮ."

"ಕೆನ್ನೆ ಇದೆಯಲ್ಲ. ಸೋರಿದ್ರೆ ತಣ್ಣಗೆ ತಗಲುತ್ತೆ."

ದೊಡ್ಡಪ್ಪ ಕುತ್ತಿಗೆಯಿಂದ ಸೊಂಟದವರೆಗೆ ಆ ಹೊಲಿಗೆಯುದ್ದಕ್ಕೂ ಕೆನ್ನೆ ಇಟ್ಟು ನೋಡಿದ. ನಿಧಾನವಾಗಿ ನೋಡಿದ, ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವಳ ಬೆನ್ನು ತಟ್ಟಿ, ಹೋಗಿ ಬಾ ಎಂದ. ಅತ್ತಿಗೆಯೇ ಮುಂದೆ ಬಂದು ಬಾಗಿಲು ತೆಗೆದಳು.