ಎರಡು ಖಾಲಿ ಕ್ಲಿಕ್

“ಇನ್ನು ನೀವು ತಿಂಗಳು ತಿಂಗಳು ಇಷ್ಟು ದೂರ ಬರೋ ಕಷ್ಟ ಇಲ್ಲ, ಸರ್,” ಎಂದು ಅವಳು ಹೊಸ ಡಿಜಿಟಲ್ ಕ್ಯಾಮೆರಾದ ಡಬ್ಬಿಯನ್ನು ಕೌಂಟರಿನ ಗಾಜಿನ ಮೇಲೆ ನನ್ನ ಕಡೆಗೆ ಸರಿಸಿದಳು.

ನಾನು ಆ ಮಾತನ್ನು ಹೇಳಿದಂತೆಯೇ ತೆಗೆದುಕೊಂಡೆ. ನೀರು ಪರೀಕ್ಷೆಯ ಲ್ಯಾಬಿನಲ್ಲಿ ಹದಿನೈದು ವರ್ಷ ಕ್ಲೋರಿನ್ ಅಳೆದವನು. ಮುಳ್ಳು ಎಲ್ಲಿ ನಿಂತಿದೆಯೋ ಅಷ್ಟನ್ನೇ ಬರೆಯುವುದು ನನ್ನ ಅಭ್ಯಾಸ. ಬರಬೇಡಿ ಎನ್ನುತ್ತಿದ್ದಾಳೆ, ಅಷ್ಟೇ.

ಸ್ಟುಡಿಯೋ ಅವಳ ಚಿಕ್ಕಪ್ಪನದು. ಫಿಲ್ಮ್ ತೊಳೆಯುವ ಯಂತ್ರದ ರೋಲರ್ ಸವೆದಿತ್ತು, ಬದಲಿ ಎಲ್ಲೂ ಸಿಗುತ್ತಿರಲಿಲ್ಲ. ಅದು ತೊಳೆದ ಕೊನೆಯ ರೋಲ್ ನನ್ನದು. ಒಂಬತ್ತು ವರ್ಷ ನನ್ನ ರೋಲ್‌ಗಳನ್ನು ತೊಳೆದು ಪ್ರಿಂಟ್ ಹಾಕಿದವಳು ಅವಳು. ನನ್ನ ಒಂದೊಂದು ಫೋಟೋವನ್ನೂ ನನಗಿಂತ ಮೊದಲು ನೋಡಿದವಳು.

ಪ್ರತಿ ರೋಲ್ ಜೊತೆ ನಾನೊಂದು ಚೀಟಿ ಕೊಡುತ್ತಿದ್ದೆ. ಒಂದರಿಂದ ಮೂವತ್ತಾರರವರೆಗೆ ಪ್ರತಿ ಫೋಟೋಕ್ಕೂ ಬೆಳಕು ಎಷ್ಟಿತ್ತು, ಶಟರ್ ವೇಗ ಎಷ್ಟು ಎಂಬ ವಿವರ. ಪ್ರಿಂಟ್ ಹಾಕುವವರಿಗೆ ಅನುಕೂಲವಾಗಲಿ ಎಂದು. ಚೀಟಿ ವಾಪಸ್ ಬರುವಾಗ ಅಂಚಿನಲ್ಲಿ ಪೆನ್ಸಿಲ್ ಅಕ್ಷರಗಳಿರುತ್ತಿದ್ದವು. ‘ಹನ್ನೆರಡು: ಕೈ ನಡುಗಿದೆ. ಕಾಫಿ ಕಡಿಮೆ ಮಾಡಿ.’ ‘ಇಪ್ಪತ್ತು: ಈ ಬೆಕ್ಕಿಗೆ ನಿಮ್ಮನ್ನು ಕಂಡರೆ ಆಗುವುದಿಲ್ಲ.’ ‘ಮೂವತ್ತೊಂದು: ಅಮ್ಮನ ಕೈ. ಚೆನ್ನಾಗಿ ಬಂದಿದೆ. ಈಗ ಹೇಗಿದ್ದಾರೆ?’ ನಾನು ಬಾಯಿಬಿಟ್ಟು ಉತ್ತರ ಹೇಳಲಿಲ್ಲ. ಮುಂದಿನ ತಿಂಗಳ ಚೀಟಿಯ ಕೊನೆಗೆ ‘ಓಡಾಡುತ್ತಿದ್ದಾರೆ’ ಎಂದು ಬರೆದೆ.

ಪ್ರಿಂಟ್ ತೆಗೆದುಕೊಂಡ ಮೇಲೆ ಹೊಸ ರೋಲನ್ನು ಅವಳ ಕೌಂಟರ್ ಮೇಲೆಯೇ ಕ್ಯಾಮೆರಾಕ್ಕೆ ಹಾಕುತ್ತಿದ್ದೆ. ಹಿಂಬದಿ ಮುಚ್ಚಿ ಎರಡು ಖಾಲಿ ಕ್ಲಿಕ್. ಬೆಳಕು ತಾಗಿದ ತುದಿ ಸರಿದು ಹೋಗಿ, ಫೋಟೋ ಎಣಿಸುವ ಮುಳ್ಳು ಒಂದಕ್ಕೆ ಬಂದು ನಿಲ್ಲಬೇಕಲ್ಲ, ಅದಕ್ಕೆ. ಆ ಎರಡು ಕ್ಲಿಕ್ ಆಗುವಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಗಿರಾಕಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

ಅವತ್ತೂ ಹಾಗೆಯೇ ನಿಂತಳು. ನಾನು ಬ್ಯಾಟರಿ ಹಾಕಿ, ಹಸಿರು ದೀಪ ಹೊತ್ತಿದ್ದು ನೋಡಿ, ಆಫ್ ಮಾಡಿ ಜೇಬಿಗಿಟ್ಟೆ.

“ಒಂದೂ ತೆಗೆಯಲ್ವಾ?” ಎಂದಳು.

“ಇದಕ್ಕೆ ಖಾಲಿ ಕ್ಲಿಕ್ ಬೇಕಾಗಲ್ವಲ್ಲ,” ಎಂದೆ.

ಅವಳು ತಲೆಯಾಡಿಸಿ ರಸೀದಿ ಪುಸ್ತಕ ಹುಡುಕತೊಡಗಿದಳು. ಅದು ಅವಳ ಮೊಣಕೈಯ ಕೆಳಗೇ ಇತ್ತು.

ಆಮೇಲಿನ ಮೂರು ವಾರ ನಾನು ಸುಖವಾಗಿದ್ದೆ ಎಂದು ಒಪ್ಪಿಕೊಳ್ಳಲೇಬೇಕು. ಆ ಕ್ಯಾಮೆರಾ ಸೋಪಿನ ಪೆಟ್ಟಿಗೆಗಿಂತ ಚಿಕ್ಕದು, ಅಂಗಿಯ ಜೇಬಿನಲ್ಲಿ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಹೂವಿನ ಗುರುತಿರುವ ಗುಂಡಿ ಒತ್ತಿದರೆ ಬೆರಳಗಲದ ದೂರದಿಂದಲೂ ಸ್ಪಷ್ಟವಾಗಿ ಹಿಡಿಯುತ್ತಿತ್ತು. ನಲ್ಲಿಯ ತುದಿಯಲ್ಲಿ ತೂಗುವ ಹನಿ, ಅದರೊಳಗೆ ತಲೆಕೆಳಗಾದ ಕಿಟಕಿ. ಹನಿ ಬೀಳುವ ಮೊದಲು ಏಳು ಬಾರಿ ತೆಗೆದೆ. ಏಳು! ಫಿಲ್ಮ್ ಕಾಲದಲ್ಲಿ ಒಂದು ಹನಿಗೆ ಏಳು ಖರ್ಚು ಮಾಡುವವನನ್ನು ಹುಚ್ಚ ಅನ್ನುತ್ತಿದ್ದೆ. ಬಸ್ಸಿನ ಗಾಜಿನ ಮೇಲೆ ಯಾರೋ ತಲೆಯೊರಗಿಸಿ ಉಳಿಸಿದ ಮಂಜಿನ ಗುರುತು, ತುಕ್ಕು ಹಿಡಿದ ಬೀಗ, ಮೆಟ್ಟಿಲ ಮೇಲೆ ಬಿಸಿಲಿನ ಪಟ್ಟಿ. ಒಂದೇ ತೊಂದರೆ. ಪ್ರತಿ ಕ್ಲಿಕ್ ಆದಮೇಲೆ ನನ್ನ ಹೆಬ್ಬೆರಳು ತಾನಾಗಿ ಬಲಕ್ಕೆ ಹೋಗಿ, ಫಿಲ್ಮ್ ಮುಂದೆ ಸರಿಸುವ, ಈಗ ಇಲ್ಲದ ಲಿವರನ್ನು ಗಾಳಿಯಲ್ಲಿ ಎಳೆಯುತ್ತಿತ್ತು.

“ಕಟ್ಟು ಬಿಚ್ಚಿದ ಕರು ಆಗಿದ್ದೀಯ,” ಎಂದು ಅಕ್ಕ ನಕ್ಕಳು. ಮೊದಲು ಅವಳ ಮಗಳ ಹುಟ್ಟುಹಬ್ಬಕ್ಕೂ ಮೂರು ಫೋಟೋ ಮೀರದವನು, ಈಗ ಅವಳ ಒಗ್ಗರಣೆಯ ಹೊಗೆಯನ್ನೂ ಬಿಟ್ಟಿರಲಿಲ್ಲ.

ದಿನಾ ಸಂಜೆ ಅವಳಿಗೆ ಪುಟ್ಟ ಪರದೆ ತೋರಿಸುತ್ತಿದ್ದೆ. ಎಲ್ಲಕ್ಕೂ ಚೆನ್ನಾಗಿದೆ ಅನ್ನುತ್ತಿದ್ದಳು. ಒಂದು ದಿನ ನಾನು ಸಿಡುಕಿ, ಇದರಲ್ಲಿ ಕೈ ನಡುಗಿದ್ದು ಕಾಣಲ್ವಾ ಎಂದು ಕೇಳಿಬಿಟ್ಟೆ.

ಅಕ್ಕ ಪರದೆ ಬಿಟ್ಟು ನನ್ನ ಮುಖ ನೋಡಿದಳು. “ಬೈಸಿಕೊಳ್ಳೋಕೆ ಬೇರೆ ಯಾರೋ ಬೇಕು ಅನ್ಸುತ್ತೆ ನಿನಗೆ. ನನ್ನ ಹತ್ರ ಯಾಕೆ ಬರ್ತೀಯೋ?”

ಆ ರಾತ್ರಿ ನನ್ನ ಟಿಪ್ಪಣಿ ಪುಸ್ತಕ ತೆರೆದೆ. ಬೆಳಕು, ವೇಗ ಎಲ್ಲವನ್ನೂ ಈ ಕ್ಯಾಮೆರಾ ತಾನೇ ದಾಖಲಿಸುತ್ತದೆ. ನಾನು ಬರೆಯಬೇಕಾದದ್ದು ಏನೂ ಉಳಿದಿರಲಿಲ್ಲ. ಆದರೂ ಮೂರು ವಾರದಲ್ಲಿ ಹನ್ನೊಂದು ಪುಟ ತುಂಬಿತ್ತು. ‘ನೂರಾ ನಾಲ್ಕು: ಈ ಬೀಗ ನೋಡಿದ್ದರೆ ನಗುತ್ತಿದ್ದಿರಿ.’ ‘ಇನ್ನೂರ ಹತ್ತು: ಬೆಕ್ಕು ಈಗ ಹತ್ತಿರ ಬರುತ್ತದೆ.’ ‘ಮುನ್ನೂರು: ಅಂಚಿನಲ್ಲಿ ಬರೆಯುವವರಿಲ್ಲ.’ ಯಂತ್ರಕ್ಕೆ ಅಳೆಯಲಾಗದ್ದನ್ನಷ್ಟೇ ನಾನು ಬರೆದಿದ್ದೆ, ಎಲ್ಲವನ್ನೂ ಒಬ್ಬಳಿಗೇ.

ಶನಿವಾರ ಮಧ್ಯಾಹ್ನ ಹೋದೆ. ಚಿಕ್ಕಪ್ಪ ಒಳಕೋಣೆಯಲ್ಲಿ ಪೇಪರ್ ಹಿಡಿದಿದ್ದರು. ಯಂತ್ರವಿದ್ದ ಜಾಗದಲ್ಲಿ ನೆಲ ಚೌಕಾಕಾರವಾಗಿ ಬೆಳ್ಳಗಿತ್ತು. ಅವಳು ಬನ್ನಿ ಸರ್ ಎಂದಳು; ದನಿಯಲ್ಲಿ ಬನ್ನಿ ಇರಲಿಲ್ಲ.

ಪ್ರಿಂಟ್ ಹಾಕಿಸಬೇಕು ಎಂದು ಕ್ಯಾಮೆರಾದ ಮೆಮೊರಿ ಕಾರ್ಡ್ ಕೊಟ್ಟೆ. ಕಂಪ್ಯೂಟರಿನಲ್ಲಿ ತೆರೆದು ಮೊದಲ ಫೋಟೋ ನೋಡಿದಳು. ನನ್ನ ಮನೆಯ ಗೋಡೆ ಗಡಿಯಾರ.

“ಹೌದಲ್ಲ. ಇದರಲ್ಲಿ ನಾನಿಲ್ಲ,” ಎಂದಳು, ತನ್ನಷ್ಟಕ್ಕೆ.

ಏನು ಹಾಗೆಂದರೆ ಎಂದು ಕೇಳಿದೆ. ಅವಳು ಕೆಳಗಿನ ಡ್ರಾಯರಿನಿಂದ ಪ್ರಿಂಟ್ ಪೇಪರಿನ ಹಳೆಯ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಎತ್ತಿದಳು.

ಒಳಗೆ ಪುಟ್ಟ ಪ್ರಿಂಟ್‌ಗಳು, ಎಲ್ಲವೂ ಅರ್ಧಂಬರ್ಧ. ಒಂದು ಬದಿ ಬೆಳಕು ತಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಇನ್ನೊಂದು ಬದಿಯಲ್ಲಿ ಒಂದು ಭುಜ. ಬಳೆಯಿಲ್ಲದ ಕೈ, ಪೆನ್ಸಿಲ್. ಜಡೆಯ ತುದಿ. ಮಸುಕಾದ ಗಲ್ಲ, ಅರ್ಧ ನಗು. ರೋಲಿನ ತಲೆಭಾಗದ, ಖಾಲಿ ಕ್ಲಿಕ್‌ಗಳು ಬಿದ್ದ ಆ ತುಂಡನ್ನು ಕತ್ತರಿಸಿ ಬಿಸಾಡುವುದು ಎಲ್ಲ ಲ್ಯಾಬ್‌ಗಳ ರೂಢಿ. ಅವಳು ಬಿಸಾಡಿರಲಿಲ್ಲ.

“ತೊಂಬತ್ತೇಳು ರೋಲ್,” ಎಂದಳು. “ಪ್ರತಿ ರೋಲೂ ನನ್ನಿಂದಲೇ ಶುರು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಅವತ್ತು ಹೊಸ ಕ್ಯಾಮೆರಾನ ಹಾಗೇ ಜೇಬಿಗೆ ಹಾಕಿಕೊಂಡ್ರಲ್ಲ, ಮುಗೀತು ಅಂದುಕೊಂಡೆ.” ಆಮೇಲೆ ಕೇಳಿದಳು, “ಬೇಕಂತಲೇ ತೆಗೆದಿದ್ದು ತಾನೇ?”

ಹೌದು ಎಂದುಬಿಡಬಹುದಿತ್ತು. ಒಂದು ಪದ, ಎಲ್ಲ ಸರಿಹೋಗುತ್ತಿತ್ತು. ಆದರೆ ಮುಳ್ಳು ಅಲ್ಲಿ ನಿಂತಿರಲಿಲ್ಲ.

“ಇಲ್ಲ. ಕ್ಯಾಮೆರಾ ಯಾವ ಕಡೆ ಇದೆ ಅಂತಲೂ ನೋಡ್ತಿರ್ಲಿಲ್ಲ.”

ಅವಳ ಕಿವಿ ಕೆಂಪಾಯಿತು. ಮುಚ್ಚಳಕ್ಕೆ ಕೈಹಾಕಿದಳು. ನಾನು ಡಬ್ಬಿಯ ಅಂಚನ್ನು ಹಿಡಿದುಕೊಂಡೆ.

“ಫಿಲ್ಮನ್ನ ಮನೆಯಲ್ಲೇ ಹಾಕಬಹುದಿತ್ತು,” ಎಂದೆ. “ಎರಡು ನಿಮಿಷದ ಕೆಲಸ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಮನೆಯಲ್ಲಿ ಹಾಕಿಲ್ಲ. ಇಲ್ಲಿ ನಿಲ್ಲೋಕೆ ಇನ್ನೆರಡು ನಿಮಿಷ ಸಿಗ್ತಿತ್ತು, ಅದಕ್ಕೆ.”

ಮುಚ್ಚಳದ ಮೇಲಿನ ಕೈ ನಿಂತಿತು.

“ನಿಮ್ಮ ಫೋಟೋ ತೆಗೀಬೇಕು ಅಂತ ಪ್ರತಿ ಸಲ ಅನ್ನಿಸ್ತಿತ್ತು. ತೆಗೆದಿದ್ರೆ ಮೊದಲು ನೋಡೋದು ನೀವೇ. ನೋಡಿದ್ರೆ ಎಲ್ಲ ಗೊತ್ತಾಗಿಬಿಡ್ತಿತ್ತು. ಅದಕ್ಕೇ ತೆಗೀಲಿಲ್ಲ.”

ಟಿಪ್ಪಣಿ ಪುಸ್ತಕವನ್ನು ಅವಳ ಮುಂದಿಟ್ಟೆ. ಅವಳು ಹನ್ನೊಂದು ಪುಟವನ್ನೂ ನಿಂತೇ ಓದಿದಳು. ಮುನ್ನೂರರ ಹತ್ತಿರ ಬಂದಾಗ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಅಂಚಿನಲ್ಲಿ ಏನೋ ಬರೆದು, ನನ್ನ ಕಡೆ ತಿರುಗಿಸಿದಳು. ‘ಇದ್ದಾಳೆ.’

ಒಳಗಿನಿಂದ ಪೇಪರ್ ಮಡಚುವ ಸದ್ದಾಯಿತು. “ಒಂಬತ್ತು ವರ್ಷ ಬೇಕಾಯ್ತಲ್ಲಪ್ಪ ಡೆವಲಪ್ ಆಗೋಕೆ,” ಎಂದರು ಚಿಕ್ಕಪ್ಪ. “ಯಾವ ಕೆಮಿಕಲ್ ಅದು?”

ನಾನು ಜೇಬಿನಿಂದ ಕ್ಯಾಮೆರಾ ತೆಗೆದೆ. ಅವಳು ಕಂಪ್ಯೂಟರಿನಿಂದ ಕಾರ್ಡ್ ತೆಗೆದು ತಾನೇ ಅದಕ್ಕೆ ಹಾಕಿ ಕೊಟ್ಟಳು. ಈ ಸಲ ಎರಡೂ ಕೈಯಲ್ಲಿ ಹಿಡಿದು, ಅವಳ ಕಡೆಗೇ ತಿರುಗಿಸಿ, ಕೇಳಿದೆ. “ತೆಗೀಲಾ?”

ಅವಳು ಯಾವತ್ತಿನಂತೆ ಕೆಲಸ ಬಿಟ್ಟು ಸುಮ್ಮನೆ ನಿಂತಳು.

ಒಂದು ಕ್ಲಿಕ್. ನನ್ನ ಹೆಬ್ಬೆರಳು ಬಲಕ್ಕೆ ಹೋಗಿ ಗಾಳಿಯನ್ನು ಎಳೆಯಿತು. ಅದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ, ಆ ನಗುವಿಗೆ ಎರಡನೆಯ ಕ್ಲಿಕ್ ಆಯಿತು.

ಅವಳು ಕೌಂಟರ್ ಸುತ್ತಿಕೊಂಡು ನನ್ನ ಪಕ್ಕಕ್ಕೆ ಬಂದಳು. ಅಂಗೈಯಷ್ಟೂ ಇಲ್ಲದ ಪರದೆ. ಇಬ್ಬರೂ ನೋಡಬೇಕೆಂದರೆ ತಲೆಗೆ ತಲೆ ತಾಗಲೇಬೇಕು. ಮುಖ ಪೂರ್ತಿ ಬಂದಿತ್ತು, ಸ್ವಲ್ಪ ಅಲುಗಿತ್ತು.

“ಕೈ ನಡುಗಿದೆ,” ಎಂದಳು.

“ಕಾಫಿಯಿಂದ ಅಲ್ಲ,” ಎಂದೆ.

ನಮ್ಮಿಬ್ಬರಲ್ಲಿ ಯಾರೂ ಮೊದಲು ನೋಡದೆ, ಒಟ್ಟಿಗೆ ನೋಡಿದ ಮೊದಲ ಫೋಟೋ ಅದು.