ಮೇಷ್ಟ್ರ ಕಾಲ್‌ಸೈನ್

ಅಣ್ಣನ ದೋಣಿ ಮುಳುಗಿದ ದಿನ ದಡದಲ್ಲಿ ರೇಡಿಯೋ ಕಾವಲಿಗೆ ಕೂತಿದ್ದವರು ಮೇಷ್ಟ್ರು. ಅಣ್ಣ ಗಂಟಲು ಹರಿಯುವಂತೆ ಕೂಗಿದ್ದ. ಮೇಷ್ಟ್ರು ಹೆಡ್‌ಫೋನ್ ತೆಗೆದಿಟ್ಟು ಹರಟೆಗೆ ಕೂತಿದ್ದರಂತೆ. ಮೇಷ್ಟ್ರ ಜೊತೆಗಿದ್ದವನೇ ಬಾಯಿಬಿಟ್ಟ ಮಾತು ಅದು. ವಿಚಾರಣೆಯವರು ಹವೆಯ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಂಡರು. "ದೇವರಿದ್ದಾನೆ, ನೋಡ್ಕೋತಾನೆ ಬಿಡಪ್ಪ," ಎಂದಳು ಅತ್ತಿಗೆ. ದೇವರು ನೋಡಿಕೊಳ್ಳುವ ತನಕ ಕಾಯುವ ತಾಳ್ಮೆ ಮೈದುನನಿಗಿರಲಿಲ್ಲ.

ಆ ಪರದೇಶದಲ್ಲಿ ಅವನು ಲಿಫ್ಟ್ ರಿಪೇರಿಯವನು. ಮೇಷ್ಟ್ರ ಮೇಲೆ ಕೈಮಾಡಿದರೆ ಜೈಲು, ಆಮೇಲೆ ಗಡೀಪಾರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೇ ಯಾರ ತಮ್ಮನೆಂದು ಹೇಳದೆ, ಮೇಷ್ಟ್ರು ನಡೆಸುತ್ತಿದ್ದ ಹವ್ಯಾಸಿ ರೇಡಿಯೋ ತರಗತಿಗೇ ಸೇರಿಕೊಂಡ. ಅವರೂ ತನ್ನಂತೆ ಹೊಟ್ಟೆಪಾಡಿಗೆ ಬಂದು ನೆಲೆನಿಂತವರು, ತನ್ನದೇ ಭಾಷೆಯವರು. ಪರದೇಶಿಗಳಿಗೆ ಲೈಸೆನ್ಸಿನ ದಾರಿ ತೋರಿಸುವುದೆಂದರೆ ಅವರಿಗೆ ಪಂಚಪ್ರಾಣ.

"ಅಲ್ಲಯ್ಯಾ, ಸೆಟ್ಟು ಕೊಳ್ಳೋ ಅವಸರ ಯಾಕೆ? ಮೊದಲು ಕೇಳೋದು ಕಲಿ. ಆಮೇಲೆ ಮಾತಾಡುವಿಯಂತೆ."

"ಕೇಳೋದನ್ನ ನಿಮ್ಮಿಂದಲೇ ಕಲೀಬೇಕು ಬಿಡಿ ಮೇಷ್ಟ್ರೇ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಅವನು ನಿಜವಾಗಿಯೂ ಕಲಿತ: ಅವರ ಎಳೆದಾಡುವ ದನಿ, ಮಾತಿನ ನಡುವಿನ ಒಣಕೆಮ್ಮು, ಕೊನೆಯ ಗೊಗ್ಗರು ನಗೆ. ಈ ಹವ್ಯಾಸದಲ್ಲಿ ಸರ್ಕಾರ ಕೊಟ್ಟ ಕಾಲ್‌ಸೈನೇ ಮನುಷ್ಯನ ಹೆಸರು, ಅದೇ ಅವನ ಮಾನ. ಆ ಮಾನವನ್ನೇ ಬೀದಿಗೆಳೆಯುವುದು ಅವನ ಹಂಚಿಕೆ. ನಿಜವಾದ ಕೂಗು ಕೇಳದ ಕಿವಿಗೆ ಇನ್ನು ಸುಳ್ಳು ಕೂಗು ಕೇಳಿಸಲಿ! ಮೇಷ್ಟ್ರ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವವನು ಅವನೇ. ಮಹಡಿಯ ಮೇಲಿನ ಮೋಟಾರು ಕೋಣೆಯ ಬೀಗದಕೈ ಅವನ ಸೊಂಟದಲ್ಲೇ ಇತ್ತು. ರೇಡಿಯೋ ಅಲೆಯ ಜಾಡು ಹಿಡಿದು ಬರುವವರು ನೇರ ಈ ಕಟ್ಟಡಕ್ಕೇ ಬರಬೇಕು. ಅವನು ಪರೀಕ್ಷೆ ಪಾಸಾಗಿದ್ದರೂ ಲೈಸೆನ್ಸ್ ಇನ್ನೂ ಕೈಸೇರಿರಲಿಲ್ಲ. ಕಾಲ್‌ಸೈನೇ ಇಲ್ಲದವನನ್ನು ಯಾರು ಅನುಮಾನಿಸುತ್ತಾರೆ?

ಮೇಷ್ಟ್ರು ಒಬ್ಬರೇ ಊಟ ಮಾಡಿ ಮಲಗಿದ್ದ ಮಧ್ಯಾಹ್ನ, ಮೋಟಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ರೇಡಿಯೋ ಸೆಟ್ಟಿನ ಗುಂಡಿ ಒತ್ತಿದ. ಅವರ ದನಿಯಲ್ಲಿ ಅವರ ಕಾಲ್‌ಸೈನ್ ಹೇಳಿ, ದೋಣಿಯೊಂದು ಮುಳುಗುತ್ತಿದೆಯೆಂದು ಕೆಮ್ಮುತ್ತ ಮೊರೆಯಿಟ್ಟ. ರಕ್ಷಣಾ ದೋಣಿಗಳು ಹೊರಟು ಕಡಲೆಲ್ಲ ಜಾಲಾಡಿದ ಮೇಲೆ, ಅದೇ ಗೊಗ್ಗರು ನಗೆ ನಕ್ಕು ಸೆಟ್ಟನ್ನು ಸಾಮಾನಿನ ಚೀಲದ ತಳಕ್ಕೆ ಸೇರಿಸಿದ. ಮೇಷ್ಟ್ರ ಮುಖ ನೋಡದೆ ಹೋಗಲು ಮನಸ್ಸು ಬರಲಿಲ್ಲ. ಕೆಳಗಿಳಿದು, ಲಿಫ್ಟಿನ ಬಾಗಿಲಿಗೆ ಎಣ್ಣೆ ಹಾಕುತ್ತ ನಿಂತ.

ಅಧಿಕಾರಿಗಳು ಬಂದರು. ಮೇಷ್ಟ್ರ ಮನೆಯತ್ತ ತಿರುಗದೆ, ಕಟ್ಟಡದ ಕಾವಲುಗಾರನ ಬಳಿ ಇವನನ್ನೇ ಹೆಸರು ಹಿಡಿದು ವಿಚಾರಿಸಿದರು. "ಈ ಕಾಲ್‌ಸೈನ್ ನಿಮ್ಮದೇ ತಾನೆ?" "ನನ್ನದಾ? ಅದು ಮೇಷ್ಟ್ರದಲ್ವಾ ಸ್ವಾಮಿ!" ಎಂದು ಅವನು ನಕ್ಕ. ಅಷ್ಟರಲ್ಲಿ ನಿದ್ದೆಗಣ್ಣಿನ ಮೇಷ್ಟ್ರು ಮೆಟ್ಟಿಲಿಳಿದು ಬಂದರು; ಅಧಿಕಾರಿಗಳನ್ನು ಕಂಡು ಮುಖ ಅರಳಿತು. "ಅಯ್ಯೋ, ನೀವೇ ಹೇಳಿಬಿಟ್ರಾ? ಸಂಜೆ ನಾನೇ ಹೇಳೋಣ ಅಂತಿದ್ದೆ," ಎಂದು ಅವನ ಹೆಗಲ ಮೇಲೆ ಕೈಯಿಟ್ಟರು. "ದಿನಾ ರೇಡಿಯೋದಲ್ಲಿ ಕೇಳ್ತಿದ್ದ ನಿಮ್ಮಣ್ಣನ ದನಿಯೇ ನಿಂದೂ, ಗುರುತು ಸಿಗೋದಿಲ್ವೇನಯ್ಯಾ? ಮೊದಲನೇ ದಿನವೇ ಗೊತ್ತಾಯ್ತು ನೀನು ಅವನ ತಮ್ಮ ಅಂತ. ಅವನನ್ನ ಕಳ್ಕೊಂಡ ಮೇಲೆ ಮೈಕು ಮುಟ್ಟೋ ಯೋಗ್ಯತೆ ನನಗಿಲ್ಲ. ಮುದುಕರಾದೋರು ತಮ್ಮ ಕಾಲ್‌ಸೈನನ್ನ ಶಿಷ್ಯನಿಗೆ ಬಿಟ್ಟುಕೊಡಬಹುದು ಅಂತ ಈ ದೇಶದಲ್ಲಿ ಕಾನೂನಿದೆ, ಬರೆದುಕೊಟ್ಟಿದ್ದೆ. ಇವತ್ತು ಬೆಳಿಗ್ಗೆಯಿಂದ ಅದು ನಿಂದೇ ಕಣಯ್ಯಾ."