ಕೊನೆಯ ಕಂತಿನ ಚಹಾ

"ಅಳೋದಕ್ಕೇ ಸಂಬಳ ಕೊಡ್ತಾರೇನೋ ಇವಳಿಗೆ!" ಎಂದಳು ಮೊಹಿರಾ, ಟಿವಿಯಿಂದ ಕಣ್ಣು ಕೀಳದೆ.

"ಅಷ್ಟು ಬೇಜಾರಾದ್ರೆ ಯಾಕೆ ನೋಡ್ತೀರಿ?" ಅಜ್ಜಿಯ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾ ಕೇಳಿದ ಹಿಕ್ಮತ್.

"ನಾಳೆ ಬೈಯೋಕೆ."

ಅವನು ನಕ್ಕ. ಆ ನಗು ಮೊದಲು ಕಣ್ಣಂಚಿಗೆ ಬಂದು ಆಮೇಲೆ ತುಟಿಗೆ ಇಳಿಯುತ್ತಿತ್ತು. ಮೊಹಿರಾ ಅದನ್ನು ಟಿವಿಯ ಪಕ್ಕದ ಬೀರುವಿನ ಗಾಜಿನಲ್ಲಿ ನೋಡುತ್ತಿದ್ದಳು. ನೇರವಾಗಿ ನೋಡುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ.

ಮರ್ಗಿಲಾನ್ ಪಟ್ಟಣದ ಆ ಓಣಿಯಲ್ಲಿ ಮೊಹಿರಾಳ ಅಭಿಪ್ರಾಯಕ್ಕೆ ಬೆಲೆಯಿತ್ತು. ಯಾವ ಧಾರಾವಾಹಿ ನಿರಾಸೆ ಮಾಡಿತು, ಯಾವುದು ಯೋಚನೆಗೆ ಹಚ್ಚಿತು ಎಂದು ಅವಳು ಫೋನಿನಲ್ಲಿ ಬರೆದು ಹಾಕಿದರೆ, ಮರುದಿನ ರೊಟ್ಟಿ ಒಲೆಯ ಮುಂದೆ ಹೆಂಗಸರಿಗೆಲ್ಲ ಅದೇ ಮಾತು. ಮೂಲೆಯ ಔಷಧಿ ಅಂಗಡಿಯ ಹಿಕ್ಮತ್ ಮಾತ್ರ ಜಗಳಕ್ಕೆ ಬರುತ್ತಿದ್ದ. ಸಂಜೆ ಅಜ್ಜಿಯ ಬಿಪಿ ನೋಡಲು ಬಂದವನು ಚಹಾಕ್ಕೆಂದು ಕೂತರೆ, ಧಾರಾವಾಹಿ ಮುಗಿಯುವವರೆಗೂ ಏಳುತ್ತಿರಲಿಲ್ಲ.

ಅವಳೂ ಏಳಗೊಡುತ್ತಿರಲಿಲ್ಲ. ಅವನ ಬಟ್ಟಲಿಗೆ ಎರಡೇ ಗುಟುಕು ಹಸಿರು ಚಹಾ ಹಾಕುತ್ತಿದ್ದಳು. ಅಲ್ಲಿನ ರೂಢಿಯಲ್ಲಿ ಕಡಿಮೆ ಹಾಕಿದಷ್ಟೂ ಮರ್ಯಾದೆ ಹೆಚ್ಚು: ಕೂತಿರಿ, ಮತ್ತೆ ಮತ್ತೆ ಹಾಕುತ್ತೇನೆ ಎಂದು. ಬಟ್ಟಲು ತುಂಬಿಸಿ ಕೊಟ್ಟರೆ, ಕುಡಿದು ಹೊರಡಿ ಎಂದು. ಬಾಯಿಬಿಟ್ಟು ಹೇಳಲಾಗದವರಿಗೆ ಅದೊಂದು ಅನುಕೂಲ.

ಈ ಧಾರಾವಾಹಿ ಮೊದಮೊದಲು ಅವಳನ್ನು ನಿಜಕ್ಕೂ ಯೋಚನೆಗೆ ಹಚ್ಚಿತ್ತು. ತಾಯಿ ಸತ್ತ ಮೇಲೂ ಮಗ್ಗ ಬಿಡದ ಹುಡುಗಿಯ ಕಥೆ. ಆಮೇಲೆ ಹುಡುಗಿಗೆ ಪ್ರೀತಿ ಬಂತು, ಮಾತು ಹೋಯಿತು. 'ಒಂದು ಮಾತಿನಲ್ಲಿ ಮುಗಿಯುವುದನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದಾರೆ. ಇಷ್ಟ ಎಂದು ಹೇಳಲು ಇವಳಿಗೇನು ಧಾಡಿ?' ಎಂದು ಮೊಹಿರಾ ಆ ಬೆಳಿಗ್ಗೆಯಷ್ಟೇ ಬರೆದಿದ್ದಳು.

ಇವತ್ತು ಕೊನೆಯ ಕಂತು. ಹುಡುಗ ರೈಲಿಗೆ ಹೊರಟಿದ್ದ. ಹುಡುಗಿ ಮುಚ್ಚಿದ ಬಾಗಿಲ ಹಿಂದೆ ನಿಂತಿದ್ದಳು. ಅಜ್ಜಿ ದಿಂಬಿಗೊರಗಿ ಕಣ್ಣು ಮುಚ್ಚಿದ್ದರು.

"ಮೊಹಿರಾ," ಹಿಕ್ಮತ್‌ನ ದನಿ ತಗ್ಗಿತು. "ಭಾನುವಾರ ಅಮ್ಮ ಕೋಕಂದ್ ಊರಿಗೆ ಹೆಣ್ಣು ಕೇಳೋಕೆ ಹೋಗ್ತಿದ್ದಾರೆ. ನೀವು ಹ್ಞೂಂ ಅಂದ್ರೆ ಈ ಮನೆಗೇ ಕಳಿಸ್ತೀನಿ. ಏನು ಹೇಳಲಿ ಅವರಿಗೆ?"

 ಮೊಹಿರಾಳ ಕಣ್ಣು ಟಿವಿಗೇ ಅಂಟಿತು. ಸುಮ್ಮನಿರಲಾರದ ಕೈ ಕೆಟಲ್ ಬಗ್ಗಿಸಿತು, ಬಗ್ಗಿಸಿಯೇ ಇತ್ತು.

ಹಿಕ್ಮತ್ ಬಟ್ಟಲು ನೋಡಿದ. ಅಂಚಿನವರೆಗೂ ತುಂಬಿತ್ತು. ಎರಡೂ ಕೈಯಲ್ಲಿ ಎತ್ತಿ, ಸುಡುತ್ತಿದ್ದರೂ ಪೂರ್ತಿ ಕುಡಿದ. ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, "ಅರ್ಥ ಆಯ್ತು," ಎಂದು ಎದ್ದು ಹೋದ.

"ಏನೇ ಮಾಡಿದೆ?" ಅಜ್ಜಿ ಕಣ್ಣು ಬಿಟ್ಟರು. "ತುಂಬಿಸಿ ಕೊಟ್ಟೆಯಲ್ಲೇ!"

ಮೊಹಿರಾ ಖಾಲಿ ಬಟ್ಟಲು ನೋಡಿದಳು.  "ಅಜ್ಜಿ, ನಂಗೆ ಗೊತ್ತೇ ಆಗ್ಲಿಲ್ಲ..."

"ನಂಗ್ಯಾಕೆ ಹೇಳ್ತೀಯ? ಊರಿಗೆಲ್ಲ ಬರೆದು ಹಾಕಿದ್ಯಲ್ಲ ಬೆಳಿಗ್ಗೆ, ಇವಳಿಗೇನು ಧಾಡಿ ಅಂತ! ಓಡು!"

ಕೆಟಲ್, ಬಟ್ಟಲು ಎರಡನ್ನೂ ಹಿಡಿದು ಅವಳು ಓಡಿದಳು. ಕಾಲುವೆಯ ಪಕ್ಕದ ಹಿಪ್ಪುನೇರಳೆ ಮರದ ಕೆಳಗೆ ಅವನು ಸಿಕ್ಕಿದ. ಸಂಜೆಬಿಸಿಲು ಅವನ ಹೆಗಲ ಮೇಲಿತ್ತು.

"ನಿಲ್ಲಿ!" ಉಸಿರು ಕಟ್ಟಿತ್ತು. ಬಟ್ಟಲಿಗೆ ತಳ ಮುಚ್ಚುವಷ್ಟೇ ಹಾಕಿದಳು. "ಇದು... ಇದು ನಿಮ್ಮ ಬಟ್ಟಲು. ಆಗಿನದು ಕೈತಪ್ಪು."

ಅವನು ಬಟ್ಟಲು ತೆಗೆದುಕೊಳ್ಳಲಿಲ್ಲ. "ಚಹಾ ಹಾಕಿದ್ರಿ. ಉತ್ತರ?"

ಮೊಹಿರಾ ತಲೆಯೆತ್ತಿದಳು. ಬೀರುವಿನ ಗಾಜು ಇಲ್ಲಿರಲಿಲ್ಲ.

"ನೀವಂದ್ರೆ ನಂಗಿಷ್ಟ. ಅಮ್ಮನ್ನ ನಮ್ಮನೆಗೇ ಕಳಿಸಿ."

ನಗು ಅವನ ಕಣ್ಣಂಚಿಗೆ ಬಂತು, ತುಟಿಗೆ ಇಳಿಯಿತು. ಬಟ್ಟಲು ಹಿಡಿದ ಅವಳ ಬೆರಳುಗಳ ಮೇಲೆ ಅವನ ಬೆರಳುಗಳು ಒಂದು ಕ್ಷಣ ನಿಂತವು. ಆಮೇಲೆ ಅವನು ಬಟ್ಟಲು ತೆಗೆದುಕೊಂಡು ಕುಡಿದ.

"ನಾಲಿಗೆ ಸುಟ್ಟುಬಿಟ್ರಿ," ಎಂದ.

"ಔಷಧಿ ಅಂಗಡಿ ನಿಮ್ಮದೇ ತಾನೆ?"

ಯಾರದೋ ಕಿಟಕಿಯಿಂದ ಧಾರಾವಾಹಿಯ ಕೊನೆಯ ಹಾಡು ತೇಲಿಬಂತು.

"ಹುಡುಗಿ ಬಾಗಿಲು ತೆಗೆದಳಾ?" ಹಿಕ್ಮತ್ ಕೇಳಿದ. "ನಾಳೆ ಏನು ಬರೀತೀರಿ?"

"ಗೊತ್ತಿಲ್ಲ, ನಾನು ನೋಡ್ಲಿಲ್ಲ," ಎಂದಳು ಮೊಹಿರಾ. ಅವನ ಖಾಲಿ ಬಟ್ಟಲಿಗೆ ಮತ್ತೆ ಹಾಕಿದಳು, ಎರಡೇ ಗುಟುಕು.